ಉದ್ದ ಜಡೆಯ ಒಡೆದ ತುದಿ: ಕತ್ತರಿ ಮೊದಲು, ಎಣ್ಣೆ ಆಮೇಲೆ

ಜಡೆ ಬಿಚ್ಚಿ, ತುದಿಯ ಒಂದು ಹಿಡಿ ಕೂದಲನ್ನು ಭುಜದ ಮೇಲಿಂದ ಮುಂದಕ್ಕೆ ತನ್ನಿ. ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಕೂತು, ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಂಡು ನೋಡಿ. ಕೆಲವು ಎಳೆಗಳ ತುದಿ ಎರಡಾಗಿ ಸೀಳಿರುತ್ತದೆ. ಕೆಲವಕ್ಕೆ ಮೂರು ನಾಲ್ಕು ಕವಲು. ಇನ್ನು ಕೆಲವು ಎಳೆಗಳಲ್ಲಿ ತುದಿಗಿಂತ ಸ್ವಲ್ಪ ಮೇಲೆ ಒಂದು ಸಣ್ಣ ಬಿಳಿ ಚುಕ್ಕೆ ಕಾಣುತ್ತದೆ. ಅದು ಹೇನಿನ ಸೀರಲ್ಲ, ಹೊಟ್ಟೂ ಅಲ್ಲ. ಆ ಜಾಗದಲ್ಲಿ ಎಳೆ ಬಿರಿದಿದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅಲ್ಲೇ ತುಂಡಾಗುತ್ತದೆ.

ಹೀಗಾಗಲು ಕಾರಣ ಸರಳ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ, ಅಂದರೆ ವರ್ಷಕ್ಕೆ ಹೆಚ್ಚೂಕಡಿಮೆ ಅರ್ಧ ಅಡಿ. ನಿಮ್ಮ ಜಡೆ ಸೊಂಟ ಮುಟ್ಟುತ್ತಿದ್ದರೆ ಅದರ ತುದಿಗೆ ಐದಾರು ವರ್ಷ ವಯಸ್ಸಾಗಿದೆ. ಐದು ವರ್ಷ ದಿನಾ ಉಟ್ಟು ಒಗೆದ ಸೀರೆಯ ಅಂಚು ಹೇಗಿರುತ್ತದೋ, ಆ ತುದಿಯೂ ಹಾಗೇ. ಎಳೆಯ ಹೊರಮೈಗೆ ಒಂದರ ಮೇಲೊಂದು ಕೂತ ಸಣ್ಣ ಪದರಗಳ ಹೊದಿಕೆ ಇದೆ. ಬಾಚಿ, ಉಜ್ಜಿ, ಒಣಗಿಸಿ ಆ ಹೊದಿಕೆ ಸವೆಯುತ್ತದೆ. ಆಮೇಲೆ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ.

ನೆತ್ತಿಯಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಆದ್ದರಿಂದ ಒಡೆದದ್ದು ಮತ್ತೆ ಕೂಡುವುದಿಲ್ಲ. ಯಾವ ಎಣ್ಣೆಯೂ ಕೂಡಿಸುವುದಿಲ್ಲ, ಯಾವ ಸೀರಮ್ಮೂ ಕೂಡಿಸುವುದಿಲ್ಲ. ಸೀರಮ್ಮಿನಲ್ಲಿ ಇರುವುದು ಹೆಚ್ಚಾಗಿ ಡೈಮೆಥಿಕೋನ್ ಥರದ ಸಿಲಿಕೋನ್. ಅದು ಕವಲುಗಳನ್ನು ಅಂಟಿಸಿ, ಮುಂದಿನ ಸಲ ತಲೆಗೆ ನೀರು ಹಾಕುವವರೆಗೆ ನುಣುಪಾಗಿ ತೋರಿಸುತ್ತದೆ. ಮದುವೆ ಮನೆಗೆ ಹೋಗುವಾಗ ಎರಡು ಹನಿ ಹಚ್ಚಿಕೊಳ್ಳಿ, ತಪ್ಪೇನಿಲ್ಲ. ಆದರೆ ಅದನ್ನು ಔಷಧಿ ಅಂದುಕೊಂಡು ಸಾವಿರಗಟ್ಟಲೆ ಸುರಿಯಬೇಡಿ.

ಉದುರುತ್ತಿದೆಯಾ, ತುಂಡಾಗುತ್ತಿದೆಯಾ?

ಕತ್ತರಿ ಹಿಡಿಯುವ ಮುಂಚೆ ಇದೊಂದು ಗೊತ್ತಾಗಬೇಕು. ಬಾಚಣಿಗೆಗೆ ಸಿಕ್ಕ ಕೂದಲನ್ನು ಬಿಡಿಸಿ ಬಿಳಿ ಹಾಳೆ ಮೇಲೆ ಇಡಿ. ಉದ್ದದ ಎಳೆ, ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟು ಇದ್ದರೆ ಅದು ಬೇರಿನಿಂದ ಉದುರಿದ್ದು. ದಿನಕ್ಕೆ 50ರಿಂದ 100 ಎಳೆ ಉದುರುವುದು ಎಲ್ಲರಿಗೂ ಸಹಜ. ಗಂಟಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಕೂದಲು ನಡುವೆ ಮುರಿಯುತ್ತಿದೆ. ಈ ಲೇಖನ ಆ ಎರಡನೆಯ ಗುಂಪಿನವರಿಗೆ. ಬೇರಿನಿಂದ ಉದುರುವುದಕ್ಕೆ ಕಾರಣವೂ ಬೇರೆ, ದಾರಿಯೂ ಬೇರೆ. ಅದರ ಮಾತು ಕೊನೆಯಲ್ಲಿದೆ.

ಕತ್ತರಿಯ ಕೆಲಸ

ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಬೇಡ. ಮಕ್ಕಳ ಕ್ರಾಫ್ಟ್ ಕತ್ತರಿಯೂ ಬೇಡ. ಮೊಂಡು ಅಲಗು ಕೂದಲನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಜಾಗ ಕೆಲವೇ ವಾರದಲ್ಲಿ ಮತ್ತೆ ಸೀಳುತ್ತದೆ. ಪಾರ್ಲರ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೂದಲಿಗೆಂದೇ ಮಾಡಿದ ಕತ್ತರಿ ಸಿಗುತ್ತದೆ. ಹರಿತ ನೋಡಬೇಕಾದರೆ ಒದ್ದೆ ಟಿಶ್ಯೂ ಪೇಪರ್ ಕತ್ತರಿಸಿ. ಅಂಚು ನೀಟಾಗಿ ಬಂದರೆ ಸರಿ. ಮಡಚಿಕೊಂಡು ಹರಿದರೆ ಬೇಡ. ತಂದ ಮೇಲೆ ಬಚ್ಚಿಡಿ. ಮನೆಯಲ್ಲಿ ಯಾರಾದರೂ ಅದರಲ್ಲಿ ಒಂದು ಸಲ ಸೆಲ್ಲೋಟೇಪ್ ಕತ್ತರಿಸಿದರೂ ಅಲಗಿಗೆ ಅಂಟು ಹಿಡಿಯಿತು.

ಎರಡು ವಿಧಾನ ಇದೆ. ಮೊದಲನೆಯದು ಉದ್ದ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ: ಒಡೆದ ಎಳೆಗಳನ್ನು ಮಾತ್ರ ಹುಡುಕಿ ಕತ್ತರಿಸುವುದು. ಕೂದಲು ಒಣಗಿರಬೇಕು, ಎಣ್ಣೆ ಇರಬಾರದು. ಸಿಕ್ಕು ಪೂರ್ತಿ ಬಿಡಿಸಿ, ಬೈತಲೆ ತೆಗೆದು ಎರಡು ಭಾಗ ಮಾಡಿ. ಒಂದು ಭಾಗದಿಂದ ಕಿರುಬೆರಳ ದಪ್ಪದಷ್ಟು ಕೂದಲು ತೆಗೆದುಕೊಂಡು ಮೇಲಿಂದ ಕೆಳಗೆ ಬಿಗಿಯಾಗಿ ತಿರುಚಿ. ತಿರುಚಿದಾಗ ತುಂಡಾದ ಎಳೆಗಳು, ಸೀಳಿದ ತುದಿಗಳು ಹೊರಗೆ ಸೆಟೆದು ನಿಲ್ಲುತ್ತವೆ. ಪ್ರತಿಯೊಂದನ್ನೂ ಸೀಳು ಎಲ್ಲಿ ಶುರುವಾಗಿದೆಯೋ ಅದಕ್ಕಿಂತ ಅರ್ಧ ಸೆಂ.ಮೀ. ಮೇಲೆ ಕತ್ತರಿಸಿ. ಸರಿಯಾಗಿ ಸೀಳಿನ ಬುಡಕ್ಕೇ ಕತ್ತರಿ ಇಟ್ಟರೆ ಒಳಗೆ ಕಾಣದ ಬಿರುಕು ಉಳಿದುಬಿಡುತ್ತದೆ. ಬಿಳಿ ಚುಕ್ಕೆ ಕಂಡರೆ ಅದರ ಮೇಲೆ ಕತ್ತರಿಸಿ. ಒಂದೇ ಎಳೆ ತನಗೆ ತಾನೇ ಗಂಟು ಹಾಕಿಕೊಂಡಿದ್ದರೆ ಬಿಡಿಸುವ ಸಾಹಸ ಮಾಡದೆ ಆ ಗಂಟಿನ ಮೇಲೆ ಕತ್ತರಿಸಿಬಿಡಿ. ಸೆಟೆದು ನಿಂತವುಗಳಲ್ಲಿ ಹೊಸದಾಗಿ ಬೆಳೆಯುತ್ತಿರುವ ಎಳೆಗಳೂ ಇರುತ್ತವೆ. ಅವುಗಳ ತುದಿ ಚೂಪಾಗಿ, ಒಂದೇ ಸಮ ಇರುತ್ತದೆ. ಅವನ್ನು ಮುಟ್ಟಬೇಡಿ.

ತಾಳ್ಮೆ ಬೇಡುವ ಕೆಲಸ ಇದು. ಒಂದೇ ದಿನ ಇಡೀ ತಲೆ ಮುಗಿಸುತ್ತೇನೆ ಅಂತ ಕೂತರೆ ಕಣ್ಣು ಸೋತು, ಕೊನೆಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಲು ಶುರುಮಾಡುತ್ತೀರಿ. ಭಾನುವಾರ ಒಂದು ಭಾಗ, ಮುಂದಿನ ಭಾನುವಾರ ಇನ್ನೊಂದು ಭಾಗ. ಸಾಕು.

ಎರಡನೆಯದು ಕೆಳಗಿನ ಅಂಚನ್ನೇ ಸಮ ಮಾಡುವುದು, ಪಾರ್ಲರಿನವರು ಟ್ರಿಮ್ಮಿಂಗ್ ಅನ್ನುವುದು. ಜಡೆಯ ತುದಿ ತೆಳ್ಳಗಾಗಿ, ಕೊನೆಯ ನಾಲ್ಕು ಬೆರಳಷ್ಟು ಕೂದಲಿನ ಆಚೆ ಗೋಡೆ ಕಾಣುತ್ತಿದ್ದರೆ ಹುಡುಕಿ ಕತ್ತರಿಸಿ ಪ್ರಯೋಜನ ಇಲ್ಲ, ಇದನ್ನೇ ಮಾಡಬೇಕು. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ, ಕತ್ತಿನ ಬುಡದಲ್ಲಿ ಸರಿಯಾಗಿ ಮಧ್ಯಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಅದರ ಕೆಳಗೆ ಮೂರು ನಾಲ್ಕು ಇಂಚಿಗೊಂದರಂತೆ ಬ್ಯಾಂಡ್ ಹಾಕುತ್ತ ತುದಿಗೆ ಬನ್ನಿ. ಪ್ರತಿ ಸಲ ಬಾಚಿ, ನುಣುಪು ಮಾಡಿ, ಆಮೇಲೆ ಬ್ಯಾಂಡ್. ಕೊನೆಯ ಬ್ಯಾಂಡ್ ಎಲ್ಲಿ ಕತ್ತರಿಸಬೇಕೋ ಅದಕ್ಕಿಂತ ಸ್ವಲ್ಪ ಮೇಲಿರಲಿ. ಈಗ ಆ ಬಾಲವನ್ನು ಭುಜದ ಮೇಲಿಂದ ಮುಂದೆ ತಂದು, ಕತ್ತರಿಯನ್ನು ಅಡ್ಡ ಹಿಡಿದು ಚೂರು ಚೂರೇ ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಕೂದಲು ಅಲಗಿನ ನಡುವಿಂದ ಜಾರಿ ಓರೆಯಾಗುತ್ತದೆ. ಬ್ಯಾಂಡ್ ಬಿಚ್ಚಿದಾಗ ಅಂಚು ಸ್ವಲ್ಪ ಬಾಗಿದ ಯು ಆಕಾರಕ್ಕೆ ಬರುತ್ತದೆ, ಏಕೆಂದರೆ ಹಣೆ ಕಡೆಯ ಕೂದಲು ತಲೆ ಸುತ್ತಿ ಹಿಂದಕ್ಕೆ ಬರಬೇಕು. ಗೀಟೆಳೆದಂಥ ನೇರ ಅಂಚೇ ಬೇಕೆಂದರೆ ಇನ್ನೊಬ್ಬರ ಕೈ ಬೇಕು. ನೀವು ನೆಟ್ಟಗೆ ನಿಂತು, ಮುಂದಕ್ಕೆ ನೋಡುತ್ತಿರಿ. ತಲೆ ಬಗ್ಗಿಸಿದರೆ ಅಳತೆ ಕೆಟ್ಟಿತು.

ಎಷ್ಟು, ಎಷ್ಟು ದಿನಕ್ಕೊಮ್ಮೆ? ಮೂರು ತಿಂಗಳಲ್ಲಿ ಕೂದಲು 3ರಿಂದ 3.75 ಸೆಂ.ಮೀ. ಬೆಳೆದಿರುತ್ತದೆ. ಅದರಲ್ಲಿ 1 ಸೆಂ.ಮೀ. ತೆಗೆದರೂ ಎರಡಾದರೂ ಉಳಿಯಿತಲ್ವಾ? ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ನಿಜವಲ್ಲ. ಬೆಳವಣಿಗೆ ನೆತ್ತಿಯಲ್ಲಿ ನಡೆಯುವುದು, ತುದಿಯಲ್ಲಿ ಏನು ಮಾಡಿದಿರಿ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಆದರೆ ಒಡೆದ ತುದಿಯನ್ನು ಹಾಗೇ ಬಿಟ್ಟರೆ ಸೀಳು ಮೇಲೇರುತ್ತ ಹೋಗುತ್ತದೆ, ಕೆಳಗೆ ಮುರಿದು ಬೀಳುತ್ತದೆ. ಮೇಲೆ ಬೆಳೆದದ್ದೂ ಕೆಳಗೆ ಮುರಿದದ್ದೂ ಸರಿಹೋಗಿ, "ನನ್ನ ಕೂದಲು ಇಷ್ಟೇ, ಬೆಳೆಯೋದೇ ಇಲ್ಲ" ಅನ್ನುವವರು ಬಹಳ ಜನ.

ಇನ್ನು ಮುಹೂರ್ತದ ವಿಷಯ. "ಶುಕ್ರವಾರ ಸಾಯಂಕಾಲ ತಲೆಗೆ ಕತ್ತರಿ ಹಾಕ್ತೀಯೇನೇ!" ಅಂತ ಅಮ್ಮನೋ ಅತ್ತೆಯೋ ಕೇಳುವ ಮನೆಯಾದರೆ ವಾದ ಬೇಡ. ಬುಧವಾರ ಮಾಡಿ. ಹೇಗೂ ಈ ಕೆಲಸಕ್ಕೆ ಹಗಲಿನ ಬೆಳಕು ಬೇಕು, ದೀಪ ಹಚ್ಚುವ ಹೊತ್ತಿಗೆ ಕೂತರೆ ಸೀಳು ಕಾಣುವುದೂ ಇಲ್ಲ. ಪಾರ್ಲರಿಗೇ ಹೋಗುವವರು "ಒಂದಿಂಚು ಸಾಕು" ಅಂತ ಬಾಯಲ್ಲಿ ಹೇಳಿ ಕೂರಬೇಡಿ. ಎಷ್ಟು ಅಂತ ಬೆರಳಲ್ಲಿ ಹಿಡಿದು ತೋರಿಸಿ, ಅಲ್ಲಿ ಒಂದು ರಬ್ಬರ್ ಬ್ಯಾಂಡ್ ಹಾಕಿಸಿ, "ಇದರ ಮೇಲೆ ಬೇಡ ಮೇಡಂ" ಅನ್ನಿ.

ನಮ್ಮೂರಿನ ನೀರು

ಬೆಂಗಳೂರಿಗೆ ಬಂದ ಮೇಲೆ ಕೂದಲು ಹಾಳಾಯಿತು ಅನ್ನುವ ಮಾತು ಪಿಜಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ ದಿನಾ ಕೇಳಿಸುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಯಾವ ನೀರು ಅಂತ ಕೇಳಬೇಕು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರು ನದಿ ನೀರು, ಅಷ್ಟು ಗಡಸಲ್ಲ. ಬೋರ್‌ವೆಲ್ ನೀರು ಆಳದ ಬಂಡೆ ಸಂದಿಯಿಂದ ಬರುವಂಥದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಟ್ಯಾಂಕರ್ ನೀರೂ ಹೆಚ್ಚಾಗಿ ಬೋರ್‌ವೆಲ್‌ದೇ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೂ ಪೈಪ್ ನೀರಿನ ದಾರಿ ಆಯಿತು. ಆದರೂ ಎಷ್ಟೋ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಎರಡೂ ಬೆರೆತೇ ಇರುತ್ತದೆ.

ನಿಮ್ಮ ಮನೆಯ ನೀರು ಯಾವ ಥರದ್ದು ಅಂತ ತಿಳಿಯಲು ಬಚ್ಚಲುಮನೆ ನೋಡಿದರೆ ಸಾಕು. ಬಕೆಟ್ಟಿನ ಒಳಗೆ, ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ ಕಟ್ಟಿದೆಯಾ? ಗೀಸರಿನ ಕಾಯಿಲ್ ಪದೇ ಪದೇ ಸುಟ್ಟುಹೋಗುತ್ತದೆಯಾ? ಸೋಪು ನೊರೆ ಬರದೆ ಮೊಸರು ಒಡೆದ ಹಾಗೆ ಆಗುತ್ತದೆಯಾ? ಹಾಗಾದರೆ ಅದು ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಅಷ್ಟು ಗಡಸು ನೀರಲ್ಲಿ ಸೋಪು ಹಚ್ಚಿ ತಲೆ ತೊಳೆದರೆ ಆ ಒಡಕು ಎಳೆಗಳ ಮೇಲೆ ಕೂರುತ್ತದೆ. ಮುಟ್ಟಿದರೆ ಕೂದಲು ಬಿರುಸು, ಬಾಚಿದರೆ ಕಿರುಗುಡುತ್ತದೆ. ಬಿರುಸಾದ ಎಳೆಗಳು ಒಂದನ್ನೊಂದು ಉಜ್ಜಿ ತುದಿ ಸವೆಯುತ್ತದೆ.

ಹಾಗಂತ ಕುಡಿಯುವ ನೀರನ್ನೆಲ್ಲ ತಲೆಗೆ ಸುರಿಯಬೇಕಿಲ್ಲ. ತಲೆ ತೊಳೆಯುವುದನ್ನು ಇರುವ ನೀರಲ್ಲೇ ಮಾಡಿ. ಕೊನೆಯ ಎರಡು ಚೊಂಬು ಮಾತ್ರ ಒಳ್ಳೆಯ ನೀರಾಗಿರಲಿ: ಕಾವೇರಿ ನೀರು, ಫಿಲ್ಟರ್ ನೀರು, ಇಲ್ಲವೇ ನಾಣ್ಯ ಹಾಕಿ ಕ್ಯಾನಿನಲ್ಲಿ ತರುವ ಘಟಕದ ನೀರು. ಆ ಎರಡು ಚೊಂಬು ಸುರಿಯುವಾಗ ತುದಿಯ ಅರ್ಧದ ಕಡೆಗೆ ಗಮನ ಇರಲಿ. ಒಂದು ಎಚ್ಚರಿಕೆ: ಆರ್‌ಒ ಮಷೀನಿನ ಪೈಪಿನಿಂದ ಹೊರಗೆ ಹೋಗುವ ನೀರನ್ನು ನೆಲ ಒರೆಸಲು ಹಿಡಿದಿಡುತ್ತಾರಲ್ಲ, ಅದನ್ನು ತಲೆಗೆ ಹಾಕಬೇಡಿ. ಲವಣವೆಲ್ಲ ಹೋಗಿ ಸೇರಿರುವುದು ಅದರಲ್ಲೇ.

ಮಳೆನೀರು ಸಿಗುವವರು ಪುಣ್ಯವಂತರು. 2009ರಿಂದ ಇಲ್ಲಿ ದೊಡ್ಡ ಸೈಟಿನ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ತಾರಸಿ ತೊಳೆದ ಮೊದಲ ಮಳೆಯನ್ನು ಬಿಟ್ಟು, ಆಮೇಲಿನ ನೀರನ್ನು ಸೋಸಿ ಒಂದು ಬಕೆಟ್ ಇಟ್ಟುಕೊಂಡರೆ ಅದಕ್ಕಿಂತ ಮೆದು ನೀರು ಇಲ್ಲ. ಇದ್ಯಾವುದೂ ಆಗದಿದ್ದರೆ ಗಡಸು ನೀರನ್ನು ಚೆನ್ನಾಗಿ ಕುದಿಸಿ, ರಾತ್ರಿ ಹಾಗೇ ಬಿಡಿ. ಸ್ವಲ್ಪ ಸುಣ್ಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಬಳಸಬಹುದು. ಎಲ್ಲ ಗಡಸುತನವೂ ಹೋಗುವುದಿಲ್ಲ, ಅಷ್ಟಿಷ್ಟು ಕಡಿಮೆಯಾಗುತ್ತದೆ. ಶವರ್ ಬಾಯಿಗೆ ತಿರುಗಿಸುವ ಸಣ್ಣ ಫಿಲ್ಟರುಗಳ ಜಾಹೀರಾತು ಎಲ್ಲೆಲ್ಲೂ ಇದೆ. ಅವು ಮಣ್ಣು, ಸ್ವಲ್ಪ ಕ್ಲೋರಿನ್ ತಡೆಯಬಹುದು. ಗಡಸುತನ ತೆಗೆಯಬೇಕಾದರೆ ಆಗಾಗ ಉಪ್ಪು ಹಾಕಿ ತೊಳೆಯಬೇಕಾದ ಸಾಫ್ಟ್‌ನರ್ ಯಂತ್ರವೇ ಬೇಕು.

ಬಿರುಸು ಬಹಳ ದಿನದಿಂದ ಕೂತಿದ್ದರೆ ತಿಂಗಳಿಗೆ ಒಂದೆರಡು ಸಲ, ಒಂದು ಲೀಟರ್ ಒಳ್ಳೆಯ ನೀರಿಗೆ ಒಂದು ಚಮಚ ನಿಂಬೆರಸ ಅಥವಾ ವಿನೆಗರ್ ಬೆರೆಸಿ, ಶಾಂಪೂ ಆದಮೇಲೆ ಕೂದಲ ಉದ್ದಕ್ಕೆ ಸುರಿದು, ಒಂದು ನಿಮಿಷ ಬಿಟ್ಟು ತೊಳೆಯಿರಿ. ನಿಂಬೆರಸವನ್ನು ಹಾಗೇ ತಲೆಗೆ ತಿಕ್ಕುವುದು ಬೇಡ, ಅದು ಅತಿಯಾಯಿತು.

ತಲೆಗೆ ನೀರು ಹಾಕುವ ದಿನ

ಎಣ್ಣೆಯ ಸರದಿ ಈಗ. ಕೊಬ್ಬರಿ ಎಣ್ಣೆಯ ಮೇಲೆ ನಮ್ಮವರಿಗೆ ಇರುವ ನಂಬಿಕೆಗೆ ಆಧಾರ ಇದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ, ಏಕೆಂದರೆ ಅದು ಎಳೆಯ ಒಳಗೆ ಇಳಿಯುತ್ತದೆ. ಗಮನಿಸಿ, ಲಾಭ ಸಿಗುವುದು ತೊಳೆಯುವ ಮುಂಚೆ ಹಚ್ಚಿದರೆ. ಹಾಗಾಗಿ ಎಣ್ಣೆ ನೆತ್ತಿಗಷ್ಟೇ ತಟ್ಟಿ ಬಿಡಬೇಡಿ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಅಂಗೈಗೆ ಒಂದು ಚಮಚ ಸುರಿದು, ಎರಡೂ ಅಂಗೈಗೆ ಸವರಿಕೊಂಡು, ಕಿವಿಯಿಂದ ಕೆಳಗಿನ ಉದ್ದಕ್ಕೆ ಇಳಿಸಿ. ತುದಿಗೆ ಇನ್ನೂ ನಾಲ್ಕು ಹನಿ. ಅದಕ್ಕೂ ಮೊದಲು ಸಿಕ್ಕು ಬಿಡಿಸಿರಬೇಕು. ಡಿಸೆಂಬರಿನಲ್ಲಿ ಇಲ್ಲಿ ಎಣ್ಣೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ, ಒಲೆ ಮೇಲಿಡುವುದು ಬೇಡ.

ಹರಳೆಣ್ಣೆ ವಿಷಯದಲ್ಲಿ ನನ್ನದು ಭಿನ್ನ ಅಭಿಪ್ರಾಯ. ದೇಹಕ್ಕೆ ತಂಪು ಅಂತ ದೊಡ್ಡವರು ತಟ್ಟುತ್ತಿದ್ದರು, ತಟ್ಟಲಿ. ಆದರೆ ಉದ್ದ ಕೂದಲಿಗೆ ಅದು ತುಂಬ ಜಿಗುಟು. ಎಣ್ಣೆ ಹಚ್ಚಿ ನೀರು ಹಾಕಿದಾಗ ಕೂದಲೆಲ್ಲ ಉಂಡೆಗಟ್ಟಿ, ಬಿಡಿಸಲಾಗದೆ ಕತ್ತರಿಸಬೇಕಾದ ಪ್ರಸಂಗ 2017ರಲ್ಲಿ ನಮ್ಮ ದೇಶದ ವೈದ್ಯರ ಪತ್ರಿಕೆಯಲ್ಲೇ ವರದಿಯಾಗಿದೆ. ಬೇಕೇ ಬೇಕೆಂದರೆ ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಬೆರೆಸಿ, ನೆತ್ತಿಗೆ ಮಾತ್ರ ಹಚ್ಚಿ.

ಸೀಗೆಕಾಯಿ ಬಳಸುವವರಿಗೆ ಒಂದು ಮಾತು. ಪುಡಿಯನ್ನು ಗಂಜಿಯಲ್ಲಿ ಕಲಸಿ ಉದ್ದ ಕೂದಲಿಗೆ ತಿಕ್ಕಿದರೆ ತರಿ ಸಿಕ್ಕಿಕೊಂಡು ಎಳೆ ಗೀಚುತ್ತದೆ. ಬಾಚಿದಷ್ಟೂ ಪುಡಿ ಉದುರುತ್ತದೆ. ಅದರ ಬದಲು ಕಷಾಯ ಮಾಡಿಕೊಳ್ಳಿ. ಗ್ರಂಥಿಗೆ ಅಂಗಡಿಯಲ್ಲಿ ಸೀಗೆಕಾಯಿ, ಅಂಟುವಾಳಕಾಯಿ ಎರಡೂ ಸಿಗುತ್ತವೆ; ಗಾಂಧಿ ಬಜಾರ್, ಮಲ್ಲೇಶ್ವರ, ಚಿಕ್ಕಪೇಟೆ ಕಡೆ ಹುಡುಕುವ ಕಷ್ಟವೇ ಇಲ್ಲ. ಏಳೆಂಟು ಸೀಗೆಕಾಯಿ, ಬೀಜ ತೆಗೆದ ನಾಲ್ಕು ಅಂಟುವಾಳ, ಒಂದು ಚಮಚ ಮೆಂತ್ಯ. ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಸಿ. ಪಕ್ಕದಲ್ಲೇ ನಿಂತಿರಿ, ಅಂಟುವಾಳದ ನೊರೆ ಹಾಲಿಗಿಂತ ಬೇಗ ಉಕ್ಕಿ ಒಲೆಗೆ ಬೀಳುತ್ತದೆ. ಅರ್ಧಕ್ಕೆ ಇಳಿದ ಮೇಲೆ ಆರಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಕಂದು ಬಣ್ಣದ, ಸ್ವಲ್ಪ ಲೋಳೆಯಾದ ನೀರು ಸಿಗುತ್ತದೆ. ತಲೆ ಹಿಂದಕ್ಕೆ ಬಾಗಿಸಿ ಹಾಕಿಕೊಳ್ಳಿ, ಕಣ್ಣಿಗೆ ಹೋದರೆ ಅರ್ಧ ದಿನ ಉರಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನಕ್ಕಿಂತ ಇಡಬೇಡಿ.

ಶಾಂಪೂ ಆದರೆ ಮಗ್ಗಿನಲ್ಲಿ ನೀರು ಬೆರೆಸಿ ತೆಳ್ಳಗೆ ಮಾಡಿ, ನೆತ್ತಿಗೆ ಮಾತ್ರ ಹಚ್ಚಿ ಬೆರಳ ತುದಿಯಲ್ಲಿ ಉಜ್ಜಿ. ಕೆಳಗಿನ ಉದ್ದಕ್ಕೆ ಹರಿದು ಬರುವ ನೊರೆಯೇ ಸಾಕು. ಕೂದಲನ್ನೆಲ್ಲ ತಲೆ ಮೇಲೆ ಗುಡ್ಡೆ ಹಾಕಿ, ಬಟ್ಟೆ ತಿಕ್ಕುವ ಹಾಗೆ ತಿಕ್ಕಬೇಡಿ. ಕಂಡಿಷನರ್ ಇದಕ್ಕೆ ಉಲ್ಟಾ, ನೆತ್ತಿಗೆ ಬೇಡ, ಕಿವಿಯಿಂದ ಕೆಳಗೆ ಬೇಕು. ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ. ಅಂಗಡಿಯದು ಬೇಡ ಅನ್ನುವವರು ಕುಂಡದಲ್ಲಿರುವ ದಾಸವಾಳದ ಎಂಟು ಹತ್ತು ಎಲೆಯನ್ನು ನೀರಲ್ಲಿ ಕಿವುಚಿ, ಲೋಳೆ ಸೋಸಿ ಹಚ್ಚಬಹುದು. ಎಲೆಯ ಚೂರು ಉಳಿದರೆ ಕೂದಲಿಂದ ಹೆಕ್ಕುವುದೇ ಒಂದು ಕೆಲಸ, ಹಾಗಾಗಿ ಸೋಸುವುದನ್ನು ಬಿಡಬೇಡಿ. ನೀರು ಉಗುರುಬೆಚ್ಚಗಿರಲಿ. ಚಳಿಗಾಲದ ಬೆಳಿಗ್ಗೆ ಹೊಗೆಯಾಡುವ ನೀರು ಮೈಗೆ ಹಿತ, ಕೂದಲಿಗಲ್ಲ.

ಸ್ನಾನ ಆದಮೇಲೆ ಟವೆಲಿನಿಂದ ಪಟಪಟ ಬಡಿದು ನೀರು ಕೊಡವುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಒದ್ದೆ ಕೂದಲು ಸುಲಭವಾಗಿ ಹಿಗ್ಗುತ್ತದೆ, ಅಷ್ಟೇ ಸುಲಭವಾಗಿ ಹರಿಯುತ್ತದೆ. ಬಡಿಯುವ ಬದಲು ಹಳೆಯ ಮೆತ್ತನೆ ಪಂಚೆಯ ತುಂಡಿನಲ್ಲಿ ಹಿಡಿ ಹಿಡಿಯಾಗಿ ಒತ್ತಿ ನೀರು ತೆಗೆಯಿರಿ. ಮಳೆಗಾಲದಲ್ಲಿ ದಪ್ಪ ಕೂದಲು ಸಾಯಂಕಾಲವಾದರೂ ಒಣಗುವುದಿಲ್ಲ. ಆಗ ಡ್ರೈಯರ್ ಬಳಸಲು ಹೆದರಬೇಡಿ. 2011ರಲ್ಲಿ ಕೊರಿಯಾದ ಸಂಶೋಧಕರು ಪರೀಕ್ಷಿಸಿದಂತೆ, 15 ಸೆಂ.ಮೀ. ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಒಣಗಿಸಿದರೆ ಹಾನಿ ಕಡಿಮೆ. ಬಿಸಿ ಮಾತ್ರ ಕಡಿಮೆಯಲ್ಲಿಡಿ. ಸಾಂಬ್ರಾಣಿ ಹೊಗೆ ಹಾಕಿಕೊಳ್ಳುವವರು ಕೆಂಡದಿಂದ ಕೂದಲನ್ನು ದೂರ ಇಡಿ, ಉದ್ದ ಜಡೆಯ ತುದಿ ಎಲ್ಲಿ ಜೋತಾಡುತ್ತಿದೆ ಅನ್ನುವುದು ನಮಗೇ ಗೊತ್ತಿರುವುದಿಲ್ಲ.

ಬಾಚಣಿಗೆ

ಅಗಲ ಹಲ್ಲಿನದು ಒಂದು ಇದ್ದರೆ ಸಾಕು. ಕೊಳ್ಳುವಾಗ ಹಲ್ಲುಗಳನ್ನು ಒಳಗೈ ಮೇಲೆ ಎಳೆದು ನೋಡಿ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಗಳ ಹಲ್ಲಿನ ನಡುವೆ ಅಚ್ಚಿನ ಗೆರೆ ಚೂಪಾಗಿ ಉಳಿದಿರುತ್ತದೆ. ಚರ್ಮಕ್ಕೆ ಚುಚ್ಚಿದರೆ ಕೂದಲನ್ನೂ ಕೆರೆಯುತ್ತದೆ. ಮರದ ಬಾಚಣಿಗೆಯಲ್ಲಿ ಈ ತೊಂದರೆ ಕಡಿಮೆ. ತುದಿಯ ನಾಲ್ಕು ಬೆರಳು ಮೊದಲು, ಆಮೇಲೆ ಅದರ ಮೇಲಿನದು, ಹಾಗೆ ಏರುತ್ತ ಹೋಗಿ. ಸಿಕ್ಕಿನ ಮೇಲ್ಗಡೆ ಮುಷ್ಟಿಯಲ್ಲಿ ಗಟ್ಟಿ ಹಿಡಿದರೆ ಎಳೆತ ನೆತ್ತಿಗೆ ಹೋಗುವುದಿಲ್ಲ.

ರಸ್ತೆ, ಬ್ಯಾಗು, ಕುರ್ಚಿ

ಎಣ್ಣೆಗೆ ಕೊಡುವ ಗಮನದಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೂ ತುದಿ ಎಷ್ಟೋ ಉಳಿಯುತ್ತದೆ. ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗೆ ಹಾಕಿ ಮೆಟ್ರೋ ಹತ್ತುತ್ತೀರಿ. ಜಡೆ ಬೆನ್ನಿಗೂ ಬ್ಯಾಗಿಗೂ ನಡುವೆ. ನಡೆದಷ್ಟೂ ತುದಿ ಅಲ್ಲಿ ಉಜ್ಜುತ್ತದೆ. ಆಫೀಸಿನಲ್ಲಿ ಕೂತರೆ ಕುರ್ಚಿ ಬೆನ್ನಿಗೆ, ಬಸ್ಸಿನಲ್ಲಿ ಸೀಟಿಗೆ. ಬ್ಯಾಗ್ ಹಾಕುವ ಮುಂಚೆ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳುವುದು, ಇಲ್ಲವೇ ಮೇಲೆತ್ತಿ ತುರುಬು ಕಟ್ಟುವುದು, ಎರಡರಲ್ಲಿ ಒಂದು ರೂಢಿಯಾಗಲಿ.

ಸ್ಕೂಟರಿನಲ್ಲಿ ಕೂದಲು ಬಿಟ್ಟುಕೊಂಡು ಹೋದರೆ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿ ಮುಟ್ಟುವಷ್ಟರಲ್ಲಿ ಸಿಕ್ಕು ಕೈಗೆ ಬಗ್ಗುವುದಿಲ್ಲ. ಧೂಳು ಬೇರೆ. ಹಿಂದೆ ಕೂರುವವರಿಗೂ ಇಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ, ಹಾಗಾಗಿ ಇದು ಇಬ್ಬರಿಗೂ ಅನ್ವಯ. ಜಡೆ ಹೆಣೆದು, ತುದಿಯನ್ನು ಮಡಚಿ ಬ್ಯಾಂಡ್ ಹಾಕಿ, ಜಾಕೆಟ್ಟಿನ ಒಳಗೆ ಬಿಡಿ. ತಲೆಗೆ ತೆಳುವಾದ ನುಣುಪು ಬಟ್ಟೆ ಸುತ್ತಿ, ಅದರ ಮೇಲೆ ಹೆಲ್ಮೆಟ್. ಒದ್ದೆ ತಲೆಗೆ ಹೆಲ್ಮೆಟ್ ಹಾಕುವುದು ಬೇಡವೇ ಬೇಡ. ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುವವರು ಸೆರಗು, ದುಪಟ್ಟಾ ಥರವೇ ಜಡೆಯನ್ನೂ ಚಕ್ರದಿಂದ ದೂರ ಇಡಬೇಕು. ಇದು ಅಂದದ ವಿಷಯ ಅಲ್ಲ, ಪ್ರಾಣದ ವಿಷಯ.

ರಾತ್ರಿ ಸಡಿಲ ಜಡೆ ಹೆಣೆದು ಮಲಗಿ. ದಿಂಬಿನ ಕವರ್ ಸ್ಯಾಟಿನ್ ಆಗಿದ್ದರೆ ಒಳ್ಳೆಯದು, ಹಳೆಯ ರೇಷ್ಮೆ ಸೀರೆಯ ತುಂಡು ಹಾಸಿದರೂ ಆಗುತ್ತದೆ. ತಲೆಗೆ ತೆಳು ರಬ್ಬರ್ ಬ್ಯಾಂಡಿನ ಬದಲು ಬಟ್ಟೆ ಸುತ್ತಿದ್ದನ್ನು ಬಳಸಿ. ದಿನಾ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಬೇಡಿ, ಹಣೆ ಅಂಚಿನ ಕೂದಲು ಹಿಂದೆ ಸರಿಯುತ್ತದೆ.

ಮದುವೆಗೆ ಮೊಗ್ಗಿನ ಜಡೆ ಹಾಕಿಸಿಕೊಂಡಿರಿ ಅನ್ನಿ. ಚೌರಿ, ಸ್ಪ್ರೇ, ಲೆಕ್ಕವಿಲ್ಲದಷ್ಟು ಪಿನ್ನು. ರಾತ್ರಿ ಸುಸ್ತಾಗಿ ಬಂದು ಎಳೆದು ಕೀಳುವ ಹೊತ್ತಿನಲ್ಲೇ ಒಂದು ವರ್ಷದ ಹಾನಿ ಆಗುವುದು. ಮೊದಲು ಕೈ ಸವರಿ ಪಿನ್ನುಗಳನ್ನೆಲ್ಲ ತೆಗೆಯಿರಿ. ಸ್ಪ್ರೇ ಗಟ್ಟಿಯಾದ ಕಡೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಬೆರಳು, ಕೊನೆಗೆ ಬಾಚಣಿಗೆ. ಪಕ್ಕದಲ್ಲಿ ಅಕ್ಕನೋ ಅತ್ತಿಗೆಯೋ ಇದ್ದರೆ ಅವರ ಕೈಗೇ ಕೊಟ್ಟು ಸುಮ್ನೆ ಕೂತುಬಿಡಿ.

ಬಿಟ್ಟುಬಿಡಬಹುದಾದವು

ಮೊಟ್ಟೆ: ಅದರ ಪ್ರೋಟೀನ್ ಎಳೆಯ ಒಳಗೆ ಹೋಗಲಾರದಷ್ಟು ದೊಡ್ಡದು, ಉಳಿಯುವುದು ವಾಸನೆ. ಬಿಸಿನೀರು ಬಿದ್ದರೆ ತಲೆ ಮೇಲೇ ಬೇಯುತ್ತದೆ. ಈರುಳ್ಳಿ ರಸ: ಸೀಳಿದ ತುದಿಗೆ ಏನೂ ಮಾಡುವುದಿಲ್ಲ. ಅಕ್ಕಿ ತೊಳೆದ ನೀರು: ಒಂದು ದಿನ ನುಣುಪು ಕೊಡುತ್ತದೆ, ವಾರವಿಡೀ ಹಾಕಿದರೆ ಬಿರುಸು. ಲೋಳೆಸರ ತಂಪಾಗಿರುತ್ತದೆ, ಹಚ್ಚಿ, ಆದರೆ ತುದಿ ಕೂಡುತ್ತದೆ ಅಂತ ಕಾಯಬೇಡಿ. ಹೇರ್ ಸ್ಟ್ರೈಟ್ನಿಂಗ್, ಕಲರ್ ಎರಡನ್ನೂ ಮಾಡಿಸಿ ಸೊಂಟದುದ್ದದ ಕೂದಲನ್ನೂ ಉಳಿಸಿಕೊಳ್ಳುವುದು ಕಷ್ಟ. ಒಂದನ್ನು ಆರಿಸಿಕೊಳ್ಳಿ.

ಡಾಕ್ಟರ ಹತ್ತಿರ ಯಾವಾಗ

ಬುಡದಲ್ಲಿ ಬಿಳಿ ಗಂಟಿರುವ ಉದ್ದ ಎಳೆಗಳು ಹಿಡಿ ಹಿಡಿಯಾಗಿ ಬರುತ್ತಿದ್ದರೆ, ನಾಣ್ಯದಷ್ಟು ಜಾಗ ಬೋಳಾಗಿದ್ದರೆ, ನೆತ್ತಿ ಕೆಂಪಾಗಿ ತುರಿಸುತ್ತಿದ್ದರೆ ಕತ್ತರಿಯೂ ಬೇಡ, ಸೀಗೆಯೂ ಬೇಡ, ಚರ್ಮದ ಡಾಕ್ಟರನ್ನು ನೋಡಿ. ಜೋರು ಜ್ವರ ಬಂದು ಹೋದ ಮೇಲೆ, ಹೆರಿಗೆಯಾದ ಮೇಲೆ ಎರಡು ಮೂರು ತಿಂಗಳಿಗೆ ಕೂದಲು ತುಂಬಾ ಉದುರುವುದುಂಟು. ಹೆಚ್ಚಿನವರಿಗೆ ಅದು ತಾನಾಗಿ ನಿಲ್ಲುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವುದು, ಥೈರಾಯ್ಡ್ ತೊಂದರೆ ಇವೂ ಕಾರಣ ಇರಬಹುದು, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಬೌರಿಂಗ್, ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮ ವಿಭಾಗ ಇದೆ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬಿಗಿ ಜಡೆಯೂ ಬೇಡ. ಡಾಕ್ಟರಿಗೆ ನೆತ್ತಿ ಸರಿಯಾಗಿ ಕಾಣಬೇಕು.